ಕಬ್ಬಿನ ನೆಲಕ್ಕೆ 505ನೇ ಕೋರ್ಟು

ಟೆಕ್ಸಸ್‌ನ ಹ್ಯೂಸ್ಟನ್‌ಗೆ ನೈಋತ್ಯದಲ್ಲಿ ಅಂಟಿಕೊಂಡಿರುವ ಫೋರ್ಟ್ ಬೆಂಡ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥದು) ವಿಚ್ಛೇದನ, ಮಗು ಯಾರ ಬಳಿ ಇರಬೇಕೆಂಬ ತಕರಾರು 505ನೇ ಡಿಸ್ಟ್ರಿಕ್ಟ್ ಕೋರ್ಟಿನ ಮೆಟ್ಟಿಲೇರಬಹುದು. ಒಂದೇ ಕೌಂಟಿಗೆ ಐನೂರೈದು ಕೋರ್ಟೇ ಎಂದು ಹುಬ್ಬೇರಿಸಬೇಡಿ. ಆ ಸಂಖ್ಯೆ ಇಡೀ ರಾಜ್ಯದ ಸಾಲಿನದು. 240, 268, 328, 387, 400, 434, 458 ಕೂಡ ಇದೇ ಕೌಂಟಿಯವು. ನಡುವಿನ ಸಂಖ್ಯೆಗಳು ಬೇರೆ ಕೌಂಟಿಗಳ ಪಾಲಾದವು.

1970ರ ಜನಗಣತಿಯಲ್ಲಿ ಇಲ್ಲಿದ್ದವರು 52,314 ಜನ. 2000ದಲ್ಲಿ 3,54,452. 2020ರ ಹೊತ್ತಿಗೆ 8,22,779. ಒಂದು ಕಾಲಕ್ಕೆ ಕಬ್ಬು, ಹತ್ತಿ ಬೆಳೆದ ನೆಲವಿದು. ಶುಗರ್ ಲ್ಯಾಂಡ್ ಎಂಬ ಊರಿನ ಹೆಸರೇ ಸಕ್ಕರೆಯಿಂದ ಬಂದದ್ದು. ಅಲ್ಲಿನ ಸಕ್ಕರೆ ಕಾರ್ಖಾನೆ 2003ರಲ್ಲಿ ಬಾಗಿಲು ಹಾಕಿತು. ಗದ್ದೆಗಳಿದ್ದಲ್ಲಿ ಬಡಾವಣೆಗಳೆದ್ದವು. ಸಂಸಾರಗಳು ಬಂದ ಮೇಲೆ ಸಂಸಾರದ ಜಗಳಗಳೂ ಬರಲೇಬೇಕಲ್ಲ! 328, 387, 505 ಮೂರೂ ಕೌಟುಂಬಿಕ ವ್ಯಾಜ್ಯಗಳಿಗೇ ಮೀಸಲು.

ಕೇಸುಗಳು ಎಷ್ಟೇ ರಾಶಿಬಿದ್ದರೂ ಕೌಂಟಿ ತಾನಾಗಿ ಡಿಸ್ಟ್ರಿಕ್ಟ್ ಕೋರ್ಟ್ ತೆರೆಯುವಂತಿಲ್ಲ. ರಾಜ್ಯದ ಶಾಸನಸಭೆಯೇ ಕಾನೂನು ಮಾಡಬೇಕು. ಆ ಸಭೆಯ ಮಾಮೂಲಿ ಅಧಿವೇಶನವೋ ಬೆಸ ವರ್ಷಗಳಲ್ಲಿ ಮಾತ್ರ, ಅದೂ ಹೆಚ್ಚೆಂದರೆ 140 ದಿನ. ಆ ಗಡುವು ತಪ್ಪಿದರೆ ಸಾಮಾನ್ಯವಾಗಿ ಇನ್ನೆರಡು ವರ್ಷ ಕಾಯಬೇಕು. ದಿನಕ್ಕಿಷ್ಟು ಮನೆ ಏಳುವ ಊರಿಗೆ ಇದು ಆಮೆ ನಡಿಗೆಯೇ ಸರಿ.

ಕಾನೂನು ಪಾಸಾದರೆ ಸಾಕೇ? ಜಡ್ಜ್‌ರ ಮೂಲ ಸಂಬಳ ರಾಜ್ಯದ್ದು. ಕೋಣೆ, ಕಾವಲು, ಸಿಬ್ಬಂದಿ ಕೌಂಟಿಯ ಹೊಣೆ. ಡಿಸ್ಟ್ರಿಕ್ಟ್ ಕೋರ್ಟಿನ ಜ್ಯೂರಿ, ಅಂದರೆ ತೀರ್ಪು ಹೇಳುವ ಸಾಮಾನ್ಯ ನಾಗರಿಕರ ತಂಡ, ಹನ್ನೆರಡು ಮಂದಿಯದು. ಅಷ್ಟೂ ಜನ ಕೂರುವ ಕಟಕಟೆ, ಒಳಗೆ ಕದ ಹಾಕಿಕೊಂಡು ಚರ್ಚಿಸಲು ಬೇರೆ ಕೋಣೆ, ಆರೋಪಿಯನ್ನು ಕರೆತರಲು ಪ್ರತ್ಯೇಕ ದಾರಿ, ಎಲ್ಲ ಬೇಕು. ಕೌಂಟಿಯ ಕೇಂದ್ರ ರಿಚ್ಮಂಡ್‌ನಲ್ಲಿರುವ, 1909ರ ಗುಮ್ಮಟದ ಕೋರ್ಟು ಕಟ್ಟಡ ನೋಡಲು ಸೊಗಸು. ಆದರೆ ಈ ಜನಸಂಖ್ಯೆಯನ್ನು ಅದು ಹೇಗೆ ತಡೆದೀತು? ಕೋರ್ಟುಗಳೀಗ ಹೊಸ ಜಸ್ಟಿಸ್ ಸೆಂಟರ್‌ನಲ್ಲಿ ನಡೆಯುತ್ತವೆ.

ಹೊಸ ಕೋರ್ಟಿಗೆ ಮೊದಲ ಜಡ್ಜ್‌ರನ್ನು ಸಾಮಾನ್ಯವಾಗಿ ಗವರ್ನರ್ ನೇಮಿಸುತ್ತಾರೆ. ಆಮೇಲೆ ಚುನಾವಣೆ, ನಾಲ್ಕು ವರ್ಷದ ಅವಧಿ. ಪಕ್ಷದ ಟಿಕೆಟ್ ಹಿಡಿದು ಜಡ್ಜ್ ಮತ ಕೇಳುವುದು ನಮಗೆ ವಿಚಿತ್ರವೆನಿಸುತ್ತದೆ. ಹಾಗೆ ಗೆದ್ದು 2023ರ ಜನವರಿಯಲ್ಲಿ 240ನೇ ಕೋರ್ಟಿನ ಪೀಠ ಏರಿದವರು ಸುರೇಂದ್ರನ್ ಪಟ್ಟೇಲ್. ನಮ್ಮ ನೆರೆಯ ಕಾಸರಗೋಡು ಜಿಲ್ಲೆಯವರು. ಹುಡುಗನಾಗಿದ್ದಾಗ ಬೀಡಿ ಕಟ್ಟಿ, ಆಮೇಲೆ ಹೊಸದುರ್ಗದಲ್ಲಿ (ಚಿತ್ರದುರ್ಗದ್ದಲ್ಲ, ಕಾಞಂಗಾಡಿನದು) ವಕೀಲಿಕೆ ಮಾಡಿದ್ದವರು.