ಹೆಬ್ಬೆರಳಿನಿಂದ ತುಟಿಗೆ ಹಾರುವ ಫಿಟ್ಸ್

ಹುಬ್ಬಳ್ಳಿಯ ಸಂತೆಯಲ್ಲಿ ಮೆಂತೆ ತಪ್ಪಲು ಕೊಳ್ಳುತ್ತಿದ್ದೆ. ಪಕ್ಕದಲ್ಲಿದ್ದ ಹುಡುಗನ ಬಲಗೈ ಹೆಬ್ಬೆರಳು ಪಟಪಟ ಅದುರತೊಡಗಿತು. ಆಮೇಲೆ ಬಾಯಿಯ ಬಲ ತುದಿ, ಕೆನ್ನೆ. ನೋಡನೋಡುತ್ತಲೇ ಹುಡುಗ ನೆಲಕ್ಕೆ ಬಿದ್ದ. "ಚಾವಿ ಕೊಡ್ರೀ, ಕೈಯಾಗ ಕಬ್ಬಿಣ ಹಿಡಸ್ರೀ!" ಯಾರೋ ಸ್ಕೂಟರ್ ಚಾವಿ ತುರುಕಿದರು. ಇನ್ನೊಬ್ಬರು ಚಪ್ಪಲಿ ಮೂಸಿಸಿದರು. ಎರಡು ನಿಮಿಷಕ್ಕೆ ಎಲ್ಲ ತಣ್ಣಗಾಯಿತು.

ಬಹುತೇಕ ಫಿಟ್ಸ್ ಒಂದೆರಡು ನಿಮಿಷದಲ್ಲಿ ತಾನಾಗಿಯೇ ನಿಲ್ಲುತ್ತದೆ. ಚಾವಿ ಹುಡುಕಲು ಅಷ್ಟು ಹೊತ್ತಂತೂ ಬೇಕೇ ಬೇಕು. ಹೆಸರು ಮಾತ್ರ ಚಾವಿಗೆ!

ನನ್ನ ತಲೆ ಕೊರೆದದ್ದು ಆ ಹೆಬ್ಬೆರಳು. ಮೊಳಕೈ, ಭುಜ, ಕುತ್ತಿಗೆ ಎಲ್ಲ ಬಿಟ್ಟು ಅದುರು ಸೀದಾ ತುಟಿಗೆ ಹೇಗೆ ಹಾರಿತು?

1860ರ ದಶಕದಲ್ಲಿ ಲಂಡನ್ನಿನ ವೈದ್ಯ ಜಾನ್ ಹ್ಯೂಲಿಂಗ್ಸ್ ಜಾಕ್ಸನ್ ಇಂಥದ್ದನ್ನೇ ನೋಡುತ್ತ ಕೂತಿದ್ದರು. ಆಗ ಎಕ್ಸ್‌ರೇ ಕೂಡ ಇರಲಿಲ್ಲ. ಫಿಟ್ಸ್ ಸಾಗುವ ದಾರಿ ನೋಡಿಯೇ, ಮಿದುಳಿನಲ್ಲಿ ಮೈಯ ನಕ್ಷೆ ಇರಬೇಕು ಅಂದರು. 1937ರಲ್ಲಿ ಕೆನಡಾದ ವೈದ್ಯರಾದ ಪೆನ್‌ಫೀಲ್ಡ್ ಮತ್ತು ಬೋಲ್ಡ್ರಿ, ಎಚ್ಚರವಿದ್ದ ರೋಗಿಗಳ ಮಿದುಳಿಗೆ ಸಣ್ಣ ಕರೆಂಟ್ ತಾಗಿಸಿ ಆ ನಕ್ಷೆಯನ್ನು ವಿವರವಾಗಿ ಬರೆದರು. ನೆತ್ತಿಯಿಂದ ಕಿವಿಯ ಕಡೆಗೆ ಇಳಿಯುವ ಪಟ್ಟಿ ಅದು. ಕಾಲು, ಸೊಂಟ, ತೋಳು, ಹೆಬ್ಬೆರಳು. ಹೆಬ್ಬೆರಳಿನ ಪಕ್ಕದ ಮನೆಯೇ ಮುಖ!

ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ನಮ್ಮ ಚಿಗರಿ ಬಸ್ಸು ನೋಡಿ. ಹೊಸೂರು ಬಿಟ್ಟರೆ ವಿದ್ಯಾನಗರ, ಉಣಕಲ್ ದಾಟದೆ ನವನಗರ ಸಿಗದು. (ನಾನ್‌ಸ್ಟಾಪ್ ಬಸ್ಸಿಗೂ ದಾರಿ ಅದೇ.) ಫಿಟ್ಸೂ ಹಾಗೇ, ಮಿದುಳಿನ ಸ್ಟಾಪುಗಳ ಸಾಲನ್ನೇ ಹಿಡಿಯುತ್ತದೆ. ಬಲಗೈ ಅದುರಿದರೆ ಬಸ್ಸು ಓಡುತ್ತಿರುವುದು ಎಡ ಮಿದುಳಿನಲ್ಲಿ.

ಬಸ್ಸು ಹೊರಡುವುದಾದರೂ ಯಾಕೆ? ನರಕೋಶಗಳದು ಸಾಮಾನ್ಯವಾಗಿ ಸಂತೆಯ ಗದ್ದಲ, ಯಾರ ಮಾತು ಅವರಿಗೆ. ಗಾಬಾ ಎಂಬ ರಾಸಾಯನಿಕ "ಸಾಕು, ಸುಮ್ನಿರಿ" ಅಂತ ಗದರುತ್ತಲೇ ಇರುತ್ತದೆ. ಆ ಗದರಿಕೆ ಸೋತ ಕಡೆ ಕೋಶಗಳೆಲ್ಲ ಭಜನೆಯ ತಾಳದಂತೆ ಒಟ್ಟಿಗೆ ಬಡಿಯುತ್ತವೆ. ತಾಳ ಪಕ್ಕದ ಓಣಿಗೂ ಹಬ್ಬುತ್ತದೆ. ಊರಿಗೆಲ್ಲ ಹಬ್ಬಿದರೆ ಎಚ್ಚರ ತಪ್ಪುತ್ತದೆ.

ನಮ್ಮ ದೇಶದಲ್ಲಿ ಇದಕ್ಕೆ ಒಂದು ಸಾಮಾನ್ಯ ಕಾರಣ ಹಂದಿ ಲಾಡಿಹುಳ. ಅದರ ಮೊಟ್ಟೆ ಸರಿಯಾಗಿ ತೊಳೆಯದ ಸೊಪ್ಪಿನ ಜೊತೆ ಹೊಟ್ಟೆ ಸೇರುತ್ತದೆ. ಮರಿಹುಳ ಮಿದುಳಿಗೆ ಹೋಗಿ ಗುಳ್ಳೆ ಕಟ್ಟುತ್ತದೆ. ಮಾಂಸ ಮುಟ್ಟದವರಿಗೂ ಬರುತ್ತದೆ. ನನ್ನ ಚೀಲದ ಮೆಂತೆಯನ್ನು ಒಮ್ಮೆ ನೋಡಿಕೊಂಡೆ.

ಹುಡುಗನನ್ನು ಮಗ್ಗುಲಿಗೆ ಹೊರಳಿಸಿದೆ. ಬಾಯಿಗೆ ನೀರು ಹಾಕಲು ಬಂದ ಅಜ್ಜನನ್ನು ತಡೆದೆ, ಉಸಿರುನಾಳಕ್ಕೆ ಇಳಿದರೆ ಕಷ್ಟ. ಫಿಟ್ಸ್ ಐದು ನಿಮಿಷ ದಾಟಿದ್ದರೆ 108ಕ್ಕೆ ಫೋನ್ ಮಾಡುತ್ತಿದ್ದೆ.

ಹತ್ತು ನಿಮಿಷದ ಮೇಲೆ ಅವನಿಗೆ ತಿಳಿವು ಬಂತು. ಮುಷ್ಟಿ ಬಿಚ್ಚಿ ನೋಡಿದ. "ಇದು ಯಾರ ಚಾವಿರೀ?"