ಕಿಟಕಿ ಪರದೆ ಮೇಲಿದ್ರೆ ಒಂದು ರೇಟ್, ಕೆಳಗಿದ್ರೆ ಇನ್ನೊಂದು

ಕಾಫಿ ಒಣಗಿಸಿ ಚೀಲ ತುಂಬಿದ್ಮೇಲೆ ಕೊಡಗಲ್ಲಿ ಎಲ್ರದ್ದೂ ಒಂದೇ ಕೆಲಸ, ಬೆಳಗ್ಗೆ ಎದ್ದು ವಾಟ್ಸಾಪಲ್ಲಿ ರೇಟ್ ನೋಡೋದು. ಲಂಡನ್ ಟರ್ಮಿನಲ್ (ರೋಬಸ್ಟಾ ಕಾಫಿಯ ವಾಯಿದಾ ಪೇಟೆ) ಏರಿತಾ ಇಳೀತಾ, ಸಿದ್ದಾಪುರದಲ್ಲಿ ಎಷ್ಟು, ಗೋಣಿಕೊಪ್ಪದಲ್ಲಿ ಎಷ್ಟು, ಇವತ್ತೇ ಕೊಡೋಣ್ವಾ ಇನ್ನೊಂದು ವಾರ ಇಟ್ಕೊಳ್ಳೋಣ್ವಾ. ಬ್ರೆಜಿಲ್‌ನಲ್ಲಿ ಬೆಳೆ ಜಾಸ್ತಿ ಅಂತ ಒಂದು ಸರ್ಕಾರಿ ಅಂದಾಜು ಬಂದ್ರೂ ನಮ್ಮ ಚೀಲದ ಬೆಲೆ ಅಲ್ಲಾಡುತ್ತೆ. ಆ ಅಂದಾಜು ಬರೆಯೋ ಅಧಿಕಾರಿನೇ ಹಿಂದಿನ ದಿನ ಒಬ್ಬ ವ್ಯಾಪಾರಿ ಕಿವಿಗೆ ಹಾಕಿದ್ರೆ?

ಹೀಗೆ ಒಳಗಿನ ಗುಟ್ಟು ಇಟ್ಕೊಂಡು ವ್ಯಾಪಾರ ಮಾಡೋ ಇನ್‌ಸೈಡರ್ ಟ್ರೇಡಿಂಗ್ ಅಂದ್ರೆ ಷೇರು, ಕಂಪನಿ, ಮುಂಬೈ ಅಂತಷ್ಟೇ ನಾವು ಅಂದ್ಕೊಂಡಿದೀವಿ. ಆದ್ರೆ ಅಮೆರಿಕಾದಲ್ಲಿ 1905ರಲ್ಲಿ ದೊಡ್ಡ ಗಲಾಟೆ ಆಗಿದ್ದು ಹತ್ತಿ ಬೆಳೆ ವಿಷಯಕ್ಕೆ. ಅಲ್ಲಿನ ಕೃಷಿ ಇಲಾಖೆಯಲ್ಲಿ ಎಡ್ವಿನ್ ಹೋಮ್ಸ್ ಅಂತ ಒಬ್ಬ ಅಧಿಕಾರಿ ಇದ್ದ, ಹತ್ತಿ ಇಳುವರಿ ಅಂದಾಜು ಹೊರಗೆ ಬರೋಕ್ಕಿಂತ ಮುಂಚೆನೇ ದಲ್ಲಾಳಿಗಳಿಗೆ ಕೊಡ್ತಿದ್ದ, ಕಿಟಕಿ ಪರದೆ ಮೇಲೆ ಕೆಳಗೆ ಮಾಡಿ ಸಿಗ್ನಲ್ ಕೊಡ್ತಿದ್ದ ಅಂತ ಇವತ್ತಿಗೂ ಹೇಳ್ತಾರೆ. ಇದನ್ನ ಬಯಲಿಗೆ ತಂದಿದ್ದು ಪೊಲೀಸರಲ್ಲ, ಹತ್ತಿ ಬೆಳೆಗಾರರ ಸಂಘದ ಕಾರ್ಯದರ್ಶಿ. ಈ ಒಂದು ವಿಷಯ ಓದಿದಾಗ ನಂಗೆ ತುಂಬಾ ಗೌರವ ಬಂತು. ಕೇಸ್ ಸುಪ್ರೀಂ ಕೋರ್ಟ್‌ವರೆಗೂ ಹೋಯ್ತು, ಖಜಾನೆಯಿಂದ ದುಡ್ಡು ಹೋಗಿಲ್ಲದಿದ್ರೂ ಸರ್ಕಾರದ ಕೆಲಸ ಕೆಡಿಸೋದೂ ಸರ್ಕಾರಕ್ಕೆ ಮಾಡಿದ ವಂಚನೆನೇ ಅಂತ 1910ರಲ್ಲಿ ಕೋರ್ಟ್ ಹೇಳ್ತು. ಆ ಗಲಾಟೆ ಆದ್ಮೇಲೆ ಅಲ್ಲಿ ಬೆಳೆ ಅಂದಾಜು ಹಾಕೋರನ್ನ ರೂಮಿಗೆ ಬೀಗ ಹಾಕಿ ಕೂರಿಸ್ತಾರೆ, ಪರದೆ ಮುಚ್ಚಿರುತ್ತೆ, ಈಗಂತೂ ಫೋನೂ ಹೊರಗೆ, ಹೇಳಿದ ಟೈಮ್ ಆಗೋವರೆಗೂ ಯಾರೂ ಆಚೆ ಬರಂಗಿಲ್ಲ.

ಅಮೆರಿಕಾದ ಮಿಕ್ಕ ಇಲಾಖೆಗಳ ಗುಟ್ಟು, ಅಲ್ಲಿನ ಸಂಸತ್ತಿನ ಗುಟ್ಟು? ಅದಕ್ಕೆ ನೂರು ವರ್ಷ ಕಾಯ್ಬೇಕಾಯ್ತು. ಸರಕು ಪೇಟೆಗೆ 2010ರಲ್ಲಿ, ಷೇರಿಗೆ 2012ರ ಸ್ಟಾಕ್ ಆಕ್ಟ್ ಅನ್ನೋ ಕಾನೂನಲ್ಲಿ ಆ ಗುಟ್ಟು ಬಳಸಿ ವ್ಯಾಪಾರ ಮಾಡಬಾರ್ದು ಅಂತ ಸ್ಪಷ್ಟವಾಗಿ ಬರೆದ್ರು, ಮಾರನೇ ವರ್ಷನೇ ಸರ್ಕಾರದ, ಸಂಸತ್ತಿನ ಸಿಬ್ಬಂದಿಯ ಷೇರು ವ್ಯವಹಾರ ಆನ್‌ಲೈನಲ್ಲಿ ತೋರ್ಸೋ ನಿಯಮ ತೆಗೆದ್ರು. 2020ರ ಫೆಬ್ರವರಿಯಲ್ಲಿ, ಕೊರೊನಾಕ್ಕೆ ಪೇಟೆ ಬೀಳೋ ಮುಂಚೆ, ಸೆನೆಟ್ ಗುಪ್ತಚರ ಸಮಿತಿ ಅಧ್ಯಕ್ಷ ರಿಚರ್ಡ್ ಬರ್ ಒಂದೇ ದಿನ 33 ವ್ಯವಹಾರದಲ್ಲಿ ಷೇರು ಮಾರಿದ್ರು. ಸುದ್ದಿ ನೋಡಿ ಮಾರಿದೆ ಅಂದ್ರು, 2021ರಲ್ಲಿ ಕೇಸ್ ಇಲ್ಲದೆ ನ್ಯಾಯ ಇಲಾಖೆಯ ತನಿಖೆ ಮುಗೀತು. ತಲೇಲಿರೋ ಗುಟ್ಟಿಗೂ ಮಾರಾಟಕ್ಕೂ ಸಂಬಂಧ ಇದೆ ಅಂತ ಪ್ರೂವ್ ಮಾಡೋದು ಅಷ್ಟು ಕಷ್ಟ.

ನಮ್ಮಲ್ಲಿ ಕೇಂದ್ರ ನೌಕರರು ಷೇರಲ್ಲಿ ಸಟ್ಟಾ ಆಡಬಾರ್ದು ಅಂತ 1964ರ ನಡತೆ ನಿಯಮದಲ್ಲೇ ಇದೆ. ಷೇರುಪೇಟೆ ನೋಡ್ಕೊಳ್ಳೋ ಸೆಬಿಯ ಇನ್‌ಸೈಡರ್ ಟ್ರೇಡಿಂಗ್ ನಿಯಮ 1992ರಲ್ಲಿ ಬಂತು, 2015ರಲ್ಲಿ ಹೊಸದಾಯ್ತು, ಗುಟ್ಟು ಕೈಲಿರೋ ಯಾರಾದ್ರೂ ಇನ್‌ಸೈಡರ್ರೇ. ಆದ್ರೆ ಅದು ಕಂಪನಿ ಷೇರಿಗೆ, ನಮ್ಮ ಕಣದ ಚೀಲಕ್ಕಲ್ಲ.

ಅಪ್ಪನ ಕಾಲದಲ್ಲಿ ಈ ಚಿಂತೆ ಇರ್ಲಿಲ್ಲ, ಎಲ್ರ ಬೆಳೆ ಒಟ್ಟು ಸೇರಿಸೋ ಪೂಲ್‌ಗೆ ಹಾಕಿದ್ರೆ ಸರ್ಕಾರದ ಕಾಫಿ ಬೋರ್ಡೇ ಮಾರ್ತಿತ್ತು. 90ರ ದಶಕದಲ್ಲಿ ಮಾರಾಟ ಮುಕ್ತ ಆದ್ಮೇಲೆ ಯಾವಾಗ ಮಾರ್ಬೇಕು ಅನ್ನೋದು ನಮ್ಮ ತಲೆಗೇ ಬಂತು, ಅದಕ್ಕೇ ಹೂಮಳೆ ಆದ್ಮೇಲೆ, ಮಳೆಗಾಲ ಮುಗಿದ್ಮೇಲೆ ಬರೋ ಬೋರ್ಡ್ ಅಂದಾಜು ಸೋಮವಾರಪೇಟೆಯ ಎರಡೆಕರೆ ಬೆಳೆಗಾರನಿಗೂ ಬೆಂಗಳೂರಿನ ರಫ್ತುದಾರನಿಗೂ ಒಂದೇ ನಿಮಿಷಕ್ಕೆ ಸಿಗ್ಬೇಕು ಅಂತ ನಾನು ಕೇಳೋದು.