ಮೇಷ್ಟ್ರ ಸೈಟು, ಹಳ್ಳದ ಗೆರೆ

ಹೋದ ವರ್ಷ ಮಂಡ್ಯದ ನಿವೃತ್ತ ಮೇಷ್ಟ್ರೊಬ್ಬರು ನನ್ನ ಕಚೇರಿಗೆ ಬಂದರು. ಕಂಕುಳಲ್ಲಿ ಪ್ಲಾಸ್ಟಿಕ್ ಕವರು, ಅದರೊಳಗೆ ಮಡಿಸಿದ ಲೇಔಟ್ ನಕ್ಷೆ. ಮೈಸೂರಿನ ರಿಂಗ್ ರೋಡಿನಾಚೆ ಒಂದು 30-40 ಸೈಟು ನೋಡಿದ್ದರು. "ಕಾಗದಪತ್ರ ಎಲ್ಲಾ ವಕೀಲರು ನೋಡವ್ರೆ ಸಾರ್. ಆ ಕಡೆ ಊರು ಬೆಳೀತದಾ ಅಂತ ನೀವು ಹೇಳಿದ್ರೆ ಸಾಕು" ಅಂದರು.

ಊರು ಯಾವ ಕಡೆ, ಹೇಗೆ ಬೆಳೆಯುತ್ತದೆ ಎನ್ನುವ ಪಾಠ, ನಗರಗಳ ಬೆಳವಣಿಗೆ ಓದುವ ನಮಗೆ, ಶುರುವಾಗುತ್ತಿದ್ದುದೇ ಅಮೆರಿಕದ ಶಿಕಾಗೊದಿಂದ. 1925ರಲ್ಲಿ ಸಮಾಜಶಾಸ್ತ್ರಜ್ಞ ಅರ್ನೆಸ್ಟ್ ಬರ್ಜೆಸ್ ಆ ನಗರವನ್ನು ನೋಡಿ ಉಂಗುರದೊಳಗೆ ಉಂಗುರ ಬರೆದ. ನಟ್ಟನಡುವೆ ವ್ಯಾಪಾರ, ಅದರ ಸುತ್ತ ಕಾರ್ಖಾನೆ ಮತ್ತು ಶಿಥಿಲವಾದ ಮನೆಗಳು, ಆಮೇಲೆ ಕಾರ್ಮಿಕರ ಕೇರಿ, ತೀರಾ ಹೊರಗೆ ಉಳ್ಳವರು. 1939ರಲ್ಲಿ ಅರ್ಥಶಾಸ್ತ್ರಜ್ಞ ಹೋಮರ್ ಹಾಯ್ಟ್ ಬಂದು, ಉಂಗುರವಲ್ಲ, ಕಿತ್ತಳೆ ತೊಳೆ ಅಂದ. ರಸ್ತೆ, ರೈಲು ಹಾದಿ ಹಿಡಿದು ಒಂದೊಂದು ಬಗೆಯ ವಸತಿ ಹೊರಕ್ಕೆ ಚಾಚುತ್ತದೆ. ನಗರಕ್ಕೆ ನಡು ಒಂದೇ ಯಾಕಿರಬೇಕು ಎಂದು 1945ರಲ್ಲಿ ಭೂಗೋಳಶಾಸ್ತ್ರಜ್ಞರಾದ ಹ್ಯಾರಿಸ್ ಮತ್ತು ಉಲ್ಮನ್ ಕೇಳಿದರು.

ಮೈಸೂರನ್ನು ಈ ಮೂರು ಚೌಕಟ್ಟಿನಲ್ಲೂ ಕೂರಿಸಬಹುದು, ಮೂರರಲ್ಲೂ ಕಾಲು ಹೊರಗೆ ಚಾಚಿರುತ್ತದೆ. ನಡುವೆ ಇರುವುದು ಅರಮನೆ; ದೇವರಾಜ ಮಾರುಕಟ್ಟೆ ಅದರ ಮಗ್ಗುಲಿಗೆ. ಅಗ್ರಹಾರಗಳು ಅರಮನೆಗೆ ಅಂಟಿಕೊಂಡೇ ಇದ್ದವು, ಅಂದರೆ ಉಳ್ಳವರು ನಡುವಿಗೇ ಹತ್ತಿರ, ಬರ್ಜೆಸ್ ಹೇಳಿದ್ದರ ತಿರುವುಮುರುವು. ವಿಶ್ವವಿದ್ಯಾನಿಲಯದ ಮಾನಸಗಂಗೋತ್ರಿ ಒಂದು ನಡು, ಹೆಬ್ಬಾಳದ ಕೈಗಾರಿಕಾ ಪ್ರದೇಶ ಇನ್ನೊಂದು. ಹ್ಯಾರಿಸ್-ಉಲ್ಮನ್ ಮಾತು ಇಲ್ಲಿಗೆ ಸ್ವಲ್ಪ ಹೆಚ್ಚು ಹೊಂದುತ್ತದೆ, ಅಷ್ಟೇ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಇವೆಲ್ಲಕ್ಕಿಂತ ಹೆಚ್ಚು ನಂಬುವುದು ಹಳೇ ಗ್ರಾಮ ನಕಾಶೆಯನ್ನು. ನೆಲದ ಮೇಲೆ ಒಮ್ಮೆ ಬಿದ್ದ ಗೆರೆ ಸುಲಭಕ್ಕೆ ಹೋಗುವುದಿಲ್ಲ. ಸಯ್ಯಾಜಿರಾವ್ ರಸ್ತೆಯನ್ನೇ ನೋಡಿ. ದಿವಾನ್ ಪೂರ್ಣಯ್ಯನವರು ಕಾವೇರಿ ನೀರು ತರಲೆಂದು ತೋಡಿಸಿದ ನಾಲೆ ಅದು. ನೀರಿನ ಯೋಜನೆ ಕೈಗೂಡಲಿಲ್ಲ, ನಾಲೆ ಮುಚ್ಚಿದರು, ಅದರ ಜಾಡಿನಲ್ಲೇ ರಸ್ತೆ ಎದ್ದಿತು. ದಸರೆಯಲ್ಲಿ ಅಂಬಾರಿ ಆನೆ ಬನ್ನಿಮಂಟಪಕ್ಕೆ ನಡೆಯುವುದು ಆ ಮುಚ್ಚಿದ ನಾಲೆಯ ಮೇಲೆ. ದಸರಾ ವಸ್ತುಪ್ರದರ್ಶನದ ಮೈದಾನಕ್ಕೆ ದೊಡ್ಡಕೆರೆ ಎಂಬ ಹೆಸರು ಹೇಗೆ ಬಂತೆಂದು ಬಿಡಿಸಿ ಹೇಳಬೇಕಿಲ್ಲ.

ಹಳೇ ಗೆರೆ ಅಳಿಸಿ ಹೊಸದು ಎಳೆಯಲು ದೊಡ್ಡ ಕೈ ಬೇಕು. ಪ್ಲೇಗಿನ ಹೊಡೆತದ ನಂತರ ಮೈಸೂರಿಗೆ ಅಂಥ ಕೈ ಸಿಕ್ಕಿತು: 1903ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಳಿ ಹುಟ್ಟಿತು. ಲಕ್ಷ್ಮೀಪುರಂ, ಚಾಮರಾಜಪುರಂ ಕಡೆ ಮನೆಗಳ ಬೆನ್ನಿಗೆ ಸಣ್ಣ ಓಣಿ ಇರುತ್ತದೆ, ಕನ್ಸರ್ವೆನ್ಸಿ ಅಂತೀವಲ್ಲ, ಅದು. ಮಲ ಹೊರುವವರು ಮುಂಬಾಗಿಲಿಗೆ ಕಾಣದೆ ಹಿಂದಿನಿಂದ ಬಂದು ಹೋಗಲಿ ಎಂಬ ಲೆಕ್ಕ. ಆರೋಗ್ಯವೂ ಜಾತಿಯೂ ಒಂದೇ ನಕ್ಷೆಯಲ್ಲಿ ಬೆರೆತದ್ದಕ್ಕೆ ಇದಕ್ಕಿಂತ ಸಾಕ್ಷಿ ಬೇಡ. ಈಗ ಆ ಓಣಿಗಳಲ್ಲಿ ಸ್ಕೂಟರು ನಿಲ್ಲುತ್ತವೆ, ಕೆಲವು ಕಡೆ ಅಡುಗೆಮನೆಯೇ ಒಂದಡಿ ಮುಂದೆ ಬಂದು ಕೂತಿದೆ.

ರಿಂಗ್ ರೋಡಿನಾಚೆ ಆ ಕೈ ಇಲ್ಲ. ಅಲ್ಲಿ ಊರನ್ನು ಬೆಳೆಸುತ್ತಿರುವುದು ಸರಳ ಗಣಿತ. ಒಂದೆಕರೆ ಅಂದರೆ 43,560 ಚದರಡಿ. ರಸ್ತೆ, ಪಾರ್ಕು ಅಂತ ಅರ್ಧ ಬಿಟ್ಟರೂ 30-40ರ 18 ಸೈಟು. ಎಷ್ಟು ರಾಗಿ ಬೆಳೆದರೆ ಆ 18 ಸೈಟಿಗೆ ಸಮ? ಹಾಗಾಗಿ ಯಾರಿಗೆ ಮೊದಲು ಮಾರುವ ಮನಸ್ಸಾಗುತ್ತದೋ ಅವರ ಹೊಲ ಮೊದಲು ಲೇಔಟ್ ಆಗುತ್ತದೆ. ಪಕ್ಕದ ಅಣ್ಣತಮ್ಮಂದಿರ ಪಾಲು ಕೋರ್ಟಿನಲ್ಲಿದ್ದರೆ ಅದು ಬೀಳು ಬಿದ್ದಿರುತ್ತದೆ. ಅದರಾಚೆ ಮತ್ತೆ ಲೇಔಟ್. ಊರು ಕಪ್ಪೆಯಂತೆ ನೆಗೆಯುತ್ತದೆ. ನೀರಿನ ಪೈಪು, ಯುಜಿಡಿ ಎನ್ನುವ ಒಳಚರಂಡಿ ನೆಗೆಯಲಾರವು. ಒಂದು ಲೇಔಟಿನ 30 ಅಡಿ ರಸ್ತೆ ಪಕ್ಕದ ಲೇಔಟಿನ ಕಾಂಪೌಂಡಿಗೆ ಮೂತಿ ಇಟ್ಟು ನಿಲ್ಲುತ್ತದೆ, ಆ ಕಡೆಯ ರಸ್ತೆ ಎಂಟಡಿ ಪಕ್ಕಕ್ಕೆ ಸರಿದಿರುತ್ತದೆ. ಅಲ್ಲಿ ಬೈಕಿನವರು ಯಾಕೆ ಸೊಟ್ಟಗೆ ತಿರುಗುತ್ತಾರೆಂದು ನೋಡಿದರೆ ಕೆಳಗೆ ಇಬ್ಬರು ರೈತರ ನಡುವಿನ ಬದು ಸಿಗುತ್ತದೆ. ಹಿನಕಲ್, ಬೋಗಾದಿಯ ಹಳೇ ಗ್ರಾಮಠಾಣಾದೊಳಗೆ, ಅಂದರೆ ಹಳ್ಳಿಯ ಮೂಲ ಮನೆಗಳಿರುವ ಜಾಗದೊಳಗೆ, ಹೊಕ್ಕರೆ ಇನ್ನೂ ಸ್ಪಷ್ಟ: ಸುತ್ತ ಬಡಾವಣೆಯ ನೇರ ಕ್ರಾಸುಗಳು, ನಡುವೆ ಎತ್ತಿನಗಾಡಿ ತಿರುಗುವಷ್ಟೇ ಓಣಿ.

ಮೇಷ್ಟ್ರ ನಕ್ಷೆಯನ್ನು ಗ್ರಾಮ ನಕಾಶೆಯ ಪಕ್ಕ ಹರಡಿದೆ. ಎರಡು ಸರ್ವೆ ನಂಬರುಗಳ ನಡುವೆ ಓರೆಯಾಗಿ ಒಂದು ಹಳ್ಳದ ಗೆರೆ, ಬಿ ಖರಾಬು, ಅಂದರೆ ಸಾಗುವಳಿಗೆ ಬಿಡದ ಸಾರ್ವಜನಿಕ ನೆಲ. ಲೇಔಟ್ ನಕ್ಷೆಯಲ್ಲಿ ಅದು ಎರಡಡಿ ಚರಂಡಿಯಾಗಿ ಸೊರಗಿತ್ತು. ಸೈಟು ಸರಿಯಾಗಿ ಅದರ ತಿರುವಿನಲ್ಲಿತ್ತು.

"ಊರು ಬೆಳೀತದೆ ಮೇಷ್ಟ್ರೇ, ಆದರೆ ನೀವು ತಗೋತಿರೋದು ಹಳ್ಳ" ಅಂದೆ.

"ನಾಲ್ಕು ಸಲ ಹೋಗಿ ನೋಡಿದೀನಿ ಸಾರ್, ಒಂದು ಹನಿ ನೀರಿಲ್ಲ."

"ಯಾವ ತಿಂಗಳು?"

"ಫೆಬ್ರವರಿ, ಮಾರ್ಚು."

ಅಡ್ವಾನ್ಸ್ ಕೊಟ್ಟಾಗಿತ್ತು. ತಗೊಂಡೇ ಬಿಟ್ಟರು. ನನ್ನ ಮಾತಿಗೆ ಬೆಲೆ ಕೊಟ್ಟು ಪಾಯವನ್ನು ನಾಲ್ಕಡಿ ಏರಿಸಿದರು. ಮೊನ್ನೆಯ ಮಳೆಗೆ ಮನೆಯೊಳಗೆ ಹನಿ ಬರಲಿಲ್ಲವಂತೆ, ಫೋನಿನಲ್ಲಿ ಖುಷಿಯಾಗಿ ಹೇಳಿದರು. ನೀರೆಲ್ಲ ಪಕ್ಕದ ಸೈಟಿಗೆ ನುಗ್ಗಿದೆ. ಆ ಸೈಟಿನವರೂ ನಕ್ಷೆ ಹಿಡಿದು ಬಂದಿದ್ದರು, ಪಾಯ ಐದಡಿ ಹಾಕಿದರೆ ಹೇಗೆ ಎಂದು ಕೇಳಲು.